ಗುಂಜಿಯ ತೂಕ

ಶ್ರೀರಂಗಪಟ್ಟಣದ ಕೋಟೆಯೊಳಗೆ ಪಾಯಿಖಾನೆಯ ಗುಂಡಿ ತೋಡುವುದೂ ಒಂದು ಸಾರ್ವಜನಿಕ ಸಮಾರಂಭವೇ. ಗುದ್ದಲಿ ಎರಡು ಸಲ ನೆಲಕ್ಕೆ ಬಿದ್ದರೆ ಸಾಕು, ಅಕ್ಕಪಕ್ಕದವರು ಕಾಫಿ ಲೋಟ ಕೈಯಲ್ಲಿ ಹಿಡಿದೇ ಬಂದು ನಿಲ್ಲುತ್ತಾರೆ. ಇಂಥ ಗುಂಡಿಗಳಿಂದ ಈತನಕ ಹೊರಬಂದಿರುವುದು ಒಡೆದ ಹೆಂಚು, ತುಕ್ಕು ಹಿಡಿದ ಮೊಳೆ, ಒಮ್ಮೆ ಯಾರದೋ ಹಲ್ಲಿನ ಸೆಟ್ಟು. ಆದರೂ ಜನ ನಂಬಿಕೆ ಬಿಟ್ಟಿಲ್ಲ. ರಾಜರು ಆಳಿದ ಊರು, ಹೋಗುವ ಅವಸರದಲ್ಲಿ ಎಲ್ಲೋ ಒಂದು ಕೊಪ್ಪರಿಗೆ ಚಿನ್ನ ಮರೆತೇ ಹೋಗಿರುತ್ತಾರೆ ಎಂಬುದು ಅವರ ವಾದ. ಅಂಥ ಊರಿನಲ್ಲಿ ಅಕ್ಕಸಾಲಿ ಸುಬ್ರಹ್ಮಣ್ಯಾಚಾರಿ ಗುದ್ದಲಿಯನ್ನು ಮುಟ್ಟದೆ, ಬರೀ ಒಂದು ಬೆಕ್ಕಿನ ಆರೈಕೆ ಮಾಡಲು ಹೋಗಿ, ಇಡೀ ಬೀದಿಯನ್ನು ತನ್ನ ಬಾಗಿಲಿಗೆ ತಂದುಕೊಂಡ.

ಆಚಾರಿಯ ಮನೆಯಲ್ಲಿ ಮುಂದಿನ ಕೋಣೆ ಅಂಗಡಿ, ಅದರ ಹಿಂದಿನದು ಕೆಲಸದ ಕೋಣೆ, ಅದಕ್ಕೂ ಹಿಂದೆ ಸಂಸಾರ. ಗಾಜಿನ ಬಾಗಿಲಿನ ದೊಡ್ಡ ಒಡವೆ ಅಂಗಡಿಗಳು ಎಷ್ಟೇ ಬಂದರೂ, ತಾಳಿಗೆ ಮಾತ್ರ ಕಿಕ್ಕೇರಿ, ಹೊಣಕೆರೆ ಕಡೆಯ ಒಕ್ಕಲು ಮನೆತನದವರು ಇವನನ್ನೇ ಹುಡುಕಿಕೊಂಡು ಬರುತ್ತಾರೆ. ಒಳ್ಳೆಯ ದಿನ ನೋಡಿ, ಎಲೆ, ಅಡಿಕೆ, ಅರಿಶಿನ, ಅಕ್ಕಿಯ ತಟ್ಟೆಯಲ್ಲಿ ಚಿನ್ನವಿಟ್ಟು ಆಚಾರಿಯ ಕೈಗೆ ಕೊಡುವುದು, ಅವನು ತಕ್ಕಡಿಗೆ ಕುಂಕುಮವಿಟ್ಟು ಅವರ ಎದುರಿಗೇ ತೂಗುವುದು, ಇದು ಅವರಲ್ಲಿ ಮದುವೆಯ ಮೊದಲ ಶಾಸ್ತ್ರ. ಆ ಹೊತ್ತಿನಲ್ಲಿ ಯಾರೂ ಸೀನುವ ಹಾಗಿಲ್ಲ, ಫೋನು ಬಡಿದುಕೊಳ್ಳುವ ಹಾಗಿಲ್ಲ. ಬೆಕ್ಕು ಅಡ್ಡ ಬಂತೋ, ತಟ್ಟೆ ಎತ್ತಿಕೊಂಡು ಸೀದಾ ಮನೆಗೆ ವಾಪಸು.

ಇಂಥ ಮನೆಗೆ ಆಚಾರಿಯ ಹೆಂಡತಿ ಲಲಿತಮ್ಮ ಒಂದು ಬೆಕ್ಕಿನ ಮರಿ ತಂದು ಸಾಕಿದಳು. ಕೆಂಪು ಮೈ, ನೆತ್ತಿಯ ಮೇಲೆ ಕಪ್ಪು ಮಚ್ಚೆ, ಹಿಂದಿನವರು ಚಿನ್ನ ತೂಗುತ್ತಿದ್ದ ಗುಲಗಂಜಿ ಬೀಜದ್ದೇ ಬಣ್ಣ. ಅದಕ್ಕೆ ಅವಳು ಗುಂಜಿ ಎಂದು ಹೆಸರಿಟ್ಟಳು. ಆಚಾರಿ ಅದನ್ನು ಶನಿ ಎಂದು ಕರೆದ. ಬೀದಿಯವರೆಲ್ಲ ಕೇಳುವ ಹಾಗೆ ಒಂದು ದಿನ ಜಗಲಿಯ ಮೇಲೆ ನಿಂತು, "ಈ ಮನೇಲಿ ಒಂದೋ ನಾನಿರ್ಬೇಕು, ಇಲ್ಲ ಅದಿರ್ಬೇಕು" ಎಂದು ಸಾರಿದ. ಲಲಿತಮ್ಮ ಸ್ವಲ್ಪ ಹೊತ್ತು ಯೋಚಿಸಿ, "ನಿಮ್ಗೆ ಎಲ್ಲಿಗ್ ಓಗೋಕೆ ಅನುಕೂಲ ಆಯ್ತದೆ?" ಎಂದು ಕೇಳಿದಳು.

ಆಚಾರಿ ಎಲ್ಲಿಗೂ ಹೋಗಲಿಲ್ಲ. ಬದಲಿಗೆ ಒಂದು ಮಧ್ಯಾಹ್ನ ಗುಂಜಿಯನ್ನು ಅಕ್ಕಿ ಚೀಲದಲ್ಲಿ ಹಾಕಿಕೊಂಡು, ಸ್ಕೂಟರಿನಲ್ಲಿ ಕರಿಘಟ್ಟದ ತಪ್ಪಲಿಗೆ ಹೋಗಿ ಬಿಟ್ಟುಬಂದ. ಅದೇ ದಿನ ಎದುರು ಮನೆಯ ಯಶೋಧರಾ ಸಂಸಾರ ಸಮೇತ ಬೆಟ್ಟಕ್ಕೆ ಹೋಗಿದ್ದಳು. ದೇವರ ದರ್ಶನಕ್ಕಿಂತ ಹೆಚ್ಚಿನ ಉತ್ಸಾಹದಿಂದ ಗುಂಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದು, ಬೀದಿಯ ತುದಿಯಿಂದಲೇ "ಲಲಿತಮ್ಮಾರೇ, ನಿಮ್ ಬೆಕ್ಕು ಬೆಟ್ಟ ಅತ್ತೋಕೆ ಓಗಿತ್ತು ಕಣ್ರೀ" ಎಂದು ಕೂಗಿದಳು. ಆಮೇಲೆ ಆಚಾರಿಯ ಮನೆಯಲ್ಲಿ ಬಹಳ ದಿನ ಸಾರಿಗೆ ಉಪ್ಪಿರಲಿಲ್ಲ, ಕೇಳುವ ಧೈರ್ಯ ಅವನಿಗಿರಲಿಲ್ಲ.

ಹೀಗಿರುವಾಗ ನಾಗಮಂಗಲದಲ್ಲಿದ್ದ ಮಗಳು ಹರ್ಷಿತಳಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಹೊರಟ ಲಲಿತಮ್ಮ ಬಸ್ಸು ಹತ್ತುವ ಮುಂಚೆ ಗಂಡನಿಗೆ ಒಂದೇ ಮಾತು ಹೇಳಿದಳು.

"ನಾ ಬರೋ ಒತ್ಗೆ ಗುಂಜಿ ಈ ಮನೇಲಿರ್ಬೇಕು. ಇಲ್ದೆ ಓದ್ರೆ ಕರಿಘಟ್ಟದ ದಾರಿ ನಂಗೂ ಗೊತ್ತು. ಚೀಲನೂ ಅಲ್ಲೇ ಅದೆ."

ಅವಳು ಹೋದಳು. ಅವಳ ಹಿಂದೆಯೇ ಗುಂಜಿ ಊಟ ಬಿಟ್ಟಿತು.

ಮೊದಮೊದಲು ಆಚಾರಿ ಇದನ್ನು ತನ್ನ ಮೇಲಿನ ಹಗೆ ಎಂದೇ ತಿಳಿದ. ಮೊಸರನ್ನದ ತಟ್ಟೆಯನ್ನು ಅದರ ಮುಂದೆ ಸರಿಸಿ, "ತಿಂದ್ರೆ ತಿನ್ನು, ಬುಟ್ರೆ ಬುಡು. ನಿನ್ ಮುನಿಸ್ಗೆಲ್ಲ ನಾನ್ ಬಗ್ಗೋನಲ್ಲ" ಎಂದ. ಗುಂಜಿ ಬಾಗಿಲ ಕಡೆ ಮುಖ ಮಾಡಿ ಮಲಗಿತು. ಇವನು ಸೋಲಲಿಲ್ಲ, ಅದೂ ಸೋಲಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅದು ಏಳಲೇ ಇಲ್ಲ. ಆಚಾರಿ ಬಗ್ಗಿ ಕಿವಿ ಮಡಿಸಿ ನೋಡಿದ. ಕಿವಿಯ ಒಳಗೆಲ್ಲ ಹಳದಿ. ಧೋತರದ ಚುಂಗಿನಿಂದ ಒರೆಸಿದ, ಹೋಗಲಿಲ್ಲ. ಬಾಯಿ ಬಿಡಿಸಿ ನೋಡಿದರೆ ಒಸಡೂ ಹಳದಿ, ಅಪ್ಪಟ ಇಪ್ಪತ್ತೆರಡು ಕ್ಯಾರೆಟ್ಟು. ಹಳದಿ ಬಣ್ಣ ಕಂಡು ಆಚಾರಿಯ ಎದೆ ಧಸಕ್ಕೆಂದದ್ದು ಜೀವಮಾನದಲ್ಲಿ ಅದೇ ಮೊದಲು.

ಈ ಬೆಕ್ಕು ಸತ್ತರೆ ಇದು ತಾನಾಗಿಯೇ ಸತ್ತಿತು ಎಂದು ಈ ಭೂಮಿಯ ಮೇಲೆ ನಂಬುವವರು ಯಾರು? ಯಶೋಧರಾ ನಂಬುವುದಿಲ್ಲ. ಲಲಿತಮ್ಮ ಮೊದಲೇ ನಂಬುವುದಿಲ್ಲ. ಇಷ್ಟು ಹೊಳೆದದ್ದೇ ತಡ, ಬೆಳ್ಳಿ ಸಾಮಾನು ಸಾಗಿಸುವ ಜಿಪ್ಪಿನ ಬ್ಯಾಗಿನಲ್ಲಿ ಗುಂಜಿಯನ್ನು ಮಲಗಿಸಿಕೊಂಡು ಆಚಾರಿ ಪಶು ಆಸ್ಪತ್ರೆಗೆ ಓಡಿದ. ಎರಡು ಎಮ್ಮೆ, ಒಂದು ಸೀಮೆಹಸುವಿನ ಹಿಂದೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಡಾಕ್ಟರ್ ಪವಿತ್ರ ಅವರ ಮೇಜಿನ ಮೇಲೆ ಬ್ಯಾಗು ಬಿಚ್ಚಿದ.

"ಉಪವಾಸ ಇದ್ದೂ ಇದ್ದೂ ಲಿವರ್ ಕೆಟ್ಟಿದೆ ಯಜಮಾನ್ರೆ" ಎಂದರು ಡಾಕ್ಟರು. "ಉಳಿಯೋದು ಕಷ್ಟ. ಇಲ್ಲಿಟ್ಕೊಳ್ಳೋಕೆ ಜಾಗ ಇಲ್ಲ, ನೀವೇ ಮನೇಲಿ ನೋಡ್ಕೋಬೇಕು. ಬೆಚ್ಚಗಿಡಿ, ಸದ್ದುಗದ್ದಲ ಬೇಡ, ಜನ ಸೇರೋದು ಬೇಡವೇ ಬೇಡ. ಚರ್ಮದ ಕೆಳಗೆ ನೀರು ಕೊಡೋದು ತೋರಿಸ್ತೀನಿ. ಸಿರಿಂಜಲ್ಲಿ ಬಾಯಿಗೆ ಊಟ ಹಾಕ್ಬೇಕು. ಮೀನು ಬೇಯಿಸಿ ರುಬ್ಬಿ ಕೊಡಿ."

"ಮೀನಾ? ನಾವು ತಿನ್ನೋರಲ್ಲ ಡಾಕ್ಟ್ರಮ್ಮ."

"ನೀವು ತಿನ್ನೋದು ಬೇಡ. ಅದು ತಿನ್ಬೇಕು."

ಆಚಾರಿ ತಲೆಯಾಡಿಸಿದ.

"ದಿನಾ ತೂಕ ನೋಡಿ ನನಗೆ ಫೋನ್ ಮಾಡಿ. ಹತ್ತಿಪ್ಪತ್ತು ಗ್ರಾಂ ಹೆಚ್ಚುಕಮ್ಮಿ ಆದ್ರೂ ಗೊತ್ತಾಗ್ಬೇಕು. ಸರಿಯಾದ ತಕ್ಕಡಿ ಇದ್ಯಾ ಮನೇಲಿ?"

ತಲೆತಲಾಂತರದಿಂದ ಚಿನ್ನ ತೂಗಿದ ವಂಶಕ್ಕೆ ಬಂದ ಮೊದಲ ಅವಮಾನ ಇದು. ಆಚಾರಿ ಬೆನ್ನು ನೆಟ್ಟಗೆ ಮಾಡಿಕೊಂಡು, "ಡಾಕ್ಟ್ರಮ್ಮ, ನನ್ ತಕ್ಕಡಿ ಮೇಲೆ ನೊಣ ಕುಂತು ಎದ್ದೋದ್ರೂ ಲೆಕ್ಕ ಸಿಕ್ತದೆ" ಎಂದ.

ಅಲ್ಲಿಂದ ಶುರುವಾಯಿತು. ಕೆಲಸದ ಕೋಣೆಯ ಬಾಗಿಲು ಮುಚ್ಚಿತು. ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹಗಲೆಲ್ಲ ಕೆಂಪಾಗಿರತೊಡಗಿತು, ಕರಗಿಸಲು ಚಿನ್ನವಿಲ್ಲ, ಬೆಚ್ಚಗಿರಬೇಕಾದ ಬೆಕ್ಕಿತ್ತು. ಸಿದ್ಧವಾದ ತಾಳಿಯನ್ನು ಸುತ್ತಿ ಕೊಡುವ ಕೆಂಪು ರೇಷ್ಮೆ ಬಟ್ಟೆಯೇ ಗುಂಜಿಯ ಹಾಸಿಗೆ, ಅದೇ ಹೊದಿಕೆ. ಕೂದಲೆಳೆಯಂಥ ತಂತಿಗೆ ಬೆಸುಗೆ ಹಾಕುವ ಕೈ, ಮೊದಲ ಸಲ ಬೆಕ್ಕಿನ ಬೆನ್ನಿಗೆ ಸೂಜಿ ಹಿಡಿದು ಮೂರು ಸಲ ವಾಪಸು ಬಂತು. ಚುಚ್ಚಿದ್ದು ಸರಿಯಾಗಿಯೇ ಹೋಯಿತು, ಆದರೆ ಆಮೇಲೆ ಆಚಾರಿಯೇ ಗೋಡೆಗೆ ಒರಗಿ ಕೂತು ಒಂದು ಚೊಂಬು ನೀರು ಕುಡಿದ. ಮೀನಿನ ಗಂಜಿ ಅರ್ಧ ಗುಂಜಿಯ ಬಾಯಿಗೆ, ಅರ್ಧ ಇವನ ಬನೀನಿಗೆ. ಪ್ರತಿ ಸಲವೂ ಬಾವಿಕಟ್ಟೆಯಲ್ಲಿ ತಲೆಗೆ ಸ್ನಾನ, ಮತ್ತೆ ಬಂದು ಗಂಜಿ, ಮತ್ತೆ ಸ್ನಾನ. ಬೆಕ್ಕನ್ನು ದ್ವೇಷಿಸುವವನೆಂದು ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಹಾಳಾಗಬಾರದು, ಬೆಕ್ಕು ಕೂತ ತಕ್ಕಡಿಯೆಂದು ತಾಳಿಯ ಗಿರಾಕಿಗಳಿಗೆ ಗೊತ್ತಾಗಬಾರದು, ಬೆಕ್ಕು ಸಾಯುತ್ತಿದೆಯೆಂದು ನಾಗಮಂಗಲಕ್ಕೆ ಸುದ್ದಿ ಮುಟ್ಟಬಾರದು. ಆದ್ದರಿಂದ ಇಷ್ಟೂ ನಡೆದದ್ದು ಪರಮ ಗುಟ್ಟಿನಲ್ಲಿ.

ಗುಟ್ಟನ್ನು ಕಾಪಾಡುವುದರಲ್ಲಿ ಆಚಾರಿಗೆ ಅನುಭವ ಸಾಲದು. ಹೊಳೆ ದಡದ ಮೀನಂಗಡಿಗೆ ಅವನು ಹೆಲ್ಮೆಟ್ಟು ಹಾಕಿಕೊಂಡೇ ಹೋದ, ಹಾಕಿಕೊಂಡೇ ನಿಂತ. "ಯಾವ್ದು ಕೊಡ್ಲಿ ಸಾರ್?" ಎಂದಳು ಅಂಗಡಿಯಾಕೆ. ಹೆಸರು ಗೊತ್ತಿದ್ದರೆ ತಾನೆ? ಒಂದು ಸಣ್ಣ ಮೀನನ್ನು ಎತ್ತಿ, ಬಿಸಿಲಿಗೆ ಹಿಡಿದು ಹೊಳಪು ನೋಡಿ, ಹೆಬ್ಬೆರಳಿನಿಂದ ಉಜ್ಜಿ, ಅಭ್ಯಾಸಬಲದಿಂದ, "ಇದು ಎಷ್ಟು ಟಚ್ಚು?" ಎಂದು ಕೇಳಿಬಿಟ್ಟ. ಚಿನ್ನದ ಶುದ್ಧತೆ ಕೇಳುವ ಮಾತನ್ನು ಮೀನಿಗೆ ಕೇಳುವವನು ಈ ತಾಲೂಕಿನಲ್ಲಿ ಒಬ್ಬನೇ ಇರಲು ಸಾಧ್ಯ. ಆಕೆ ನಕ್ಕು, "ಎಲ್ಲಾ ಪೂರ್ತಿ ಟಚ್ಚೇ ಆಚಾರ್ರೆ, ತಕಳಿ" ಎಂದಳು. ಸಂಜೆಯೊಳಗೆ ಸುದ್ದಿ ಯಶೋಧರಾಳ ಮನೆ ತಲುಪಿತು.

ಯಶೋಧರಾ ಹಪ್ಪಳ ಒಣಗಿಸುವ ತಾರಸಿಯಿಂದ ಆಚಾರಿಯ ಕೆಲಸದ ಕೋಣೆಯ ಕಿಟಕಿ ಚೆನ್ನಾಗಿ ಕಾಣುತ್ತದೆ. ಆ ವಾರ ಅವಳು ಒಂದು ವರ್ಷಕ್ಕಾಗುವಷ್ಟು ಹಪ್ಪಳ ಒಣಗಿಸಿದಳು. ಮುಚ್ಚಿದ ಬಾಗಿಲ ಹಿಂದೆ ಉರಿಯುವ ಅಗ್ಗಿಷ್ಟಿಕೆ ಕಂಡಳು. ಒದ್ದೆ ತಲೆಯಲ್ಲಿ ಆಚಾರಿ ಬರುವುದನ್ನು ಕಂಡಳು. ಕೆಂಪು ರೇಷ್ಮೆಯಲ್ಲಿ ಸುತ್ತಿದ, ಸೇರುಗಟ್ಟಲೆ ತೂಗುವ ಏನನ್ನೋ ಎರಡೂ ಕೈಯಲ್ಲಿ ಎತ್ತಿ ತಕ್ಕಡಿಯ ಮೇಲಿಟ್ಟು, ಅಂಕಿ ನೋಡಿ, ಕಣ್ಣಿಗೊತ್ತಿಕೊಂಡು ಮತ್ತೆ ಅಷ್ಟೇ ನಾಜೂಕಾಗಿ ಇಳಿಸುವುದನ್ನು ಕಂಡಳು. ತಡೆಯಲಾರದೆ, ಹೆಪ್ಪಿಗೆ ಮಜ್ಜಿಗೆ ಕೇಳುವ ನೆಪದಲ್ಲಿ ಬಂದು ಬಾಗಿಲಿಗೆ ಕಿವಿಗೊಟ್ಟಳು. ಒಳಗೆ ಆಚಾರಿ ಫೋನಿನಲ್ಲಿದ್ದ.

"ನಿನ್ನೆಗಿಂತ ಮೂವತ್ತು ಗ್ರಾಂ ಜಾಸ್ತಿ ಬಂದದೆ ಮೇಡಂ. ಊ, ಹಳದಿ ಅಂಗೇ ಅದೆ. ಯಾರ್ಗೂ ತೋರ್ಸಿಲ್ಲ, ಬಟ್ಟೆ ಸುತ್ತಿ ಮಡಗಿದ್ದೀನಿ."

ಯಶೋಧರಾ ಮಜ್ಜಿಗೆ ಮರೆತಳು. ಚಿನ್ನ ಸಿಗುವುದನ್ನು ಕೇಳಿದ್ದಳು, ಸಿಕ್ಕ ಚಿನ್ನ ದಿನಾ ಬೆಳೆಯುವುದನ್ನು ಕೇಳಿರಲಿಲ್ಲ. ಬಾಗಿಲು ತಟ್ಟಿದಳು. ಆಚಾರಿ ಒಂದು ಮೂಗಿನಷ್ಟು ಬಾಗಿಲು ತೆರೆದ.

"ಏನಿಲ್ಲ ಆಚಾರ್ರೆ, ಗುಂಜಿ ಕಾಣ್ತಾನೇ ಇಲ್ವಲ್ಲ, ಎಲ್ಲೋಯ್ತು ಅಂತ ಕೇಳಾವ ಅಂತ ಬಂದೆ."

"ಯಾವ್ ಗುಂಜಿ?" ಎಂದ ಆಚಾರಿ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದು. ಅಷ್ಟು ಸಾಲದೆಂದು, "ಓಗ್ಯದೆ ಎಲ್ಲೋ. ಇನ್ ಬರಾಕಿಲ್ಲ ಬುಡಿ" ಎಂದು ಸೇರಿಸಿ ಬಾಗಿಲು ಹಾಕಿಕೊಂಡ.

ಯಶೋಧರಾಳ ತಲೆಯಲ್ಲಿ ಎಲ್ಲವೂ ಪಟಪಟನೆ ಜೋಡಿಸಿಕೊಂಡವು. ನಿಧಿ ಸುಮ್ಮನೆ ಮೇಲೆ ಬರುವುದಿಲ್ಲ, ಬಲಿ ಕೇಳುತ್ತದೆ. ಮಾಂಸ ಮುಟ್ಟದ ಆಚಾರಿ ಮೀನು ತಂದದ್ದು ಅದಕ್ಕೇ, ಹೊತ್ತುಹೊತ್ತಿಗೆ ತಲೆಗೆ ನೀರು ಸುರಿದುಕೊಳ್ಳುವುದೂ ಅದಕ್ಕೇ. ಮೀನಿಗೆ ನಿಧಿ ಒಪ್ಪಿಲ್ಲ, ಆಮೇಲೆ ಬೆಕ್ಕು. ಅವಳು ಮನೆಗೆ ಬಂದವಳೇ ನಾಗಮಂಗಲಕ್ಕೆ ಫೋನು ಹಚ್ಚಿ, "ಲಲಿತಮ್ಮಾರೆ, ಎದೆ ಗಟ್ಟಿ ಮಾಡ್ಕಳಿ. ನಿಮ್ಗೆ ಒಂದ್ ಒಳ್ಳೆ ಸುದ್ದಿ, ಒಂದ್ ಕೆಟ್ಟ ಸುದ್ದಿ" ಎಂದಳು. ಬೀದಿಯ ತುದಿಯ ಮನೆಯಲ್ಲಿರುವ ಹೆಡ್ ಕಾನ್‌ಸ್ಟೇಬಲ್ ತಿಮ್ಮರಾಜುವಿಗೆ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಕೆಂಪು ಗಂಟು ಕೊಪ್ಪರಿಗೆಯಾಗಿತ್ತು. ಪಾಂಡವಪುರದಲ್ಲಿರುವ ಆಚಾರಿಯ ತಮ್ಮ ರಘುನಂದನನಿಗೆ ವಾಟ್ಸಾಪಿನಲ್ಲಿ ತಲುಪುವ ಹೊತ್ತಿಗೆ ಕೊಪ್ಪರಿಗೆಗಳು ಏಳಾಗಿ, ಒಂದನ್ನು ಹಾವು ಕಾಯುತ್ತಿತ್ತು.

ಒಳಗಿದ್ದ ಆಚಾರಿಗೆ ಇದಾವುದೂ ಗೊತ್ತಿಲ್ಲ. ಅವನ ಪ್ರಪಂಚವೀಗ ತಕ್ಕಡಿಯ ಹಸಿರು ಅಂಕಿಗಳಷ್ಟೇ ಅಗಲ. ಅಂಕಿ ಏರಿದ ದಿನ ಅವನಿಗೆ ಹಸಿವು, ಇಳಿದ ದಿನ ಊಟ ಸೇರದು. ಶನಿ ಎಂಬ ಹೆಸರು ಯಾವಾಗ ಬಾಯಿಂದ ಜಾರಿತೋ ಅವನಿಗೇ ತಿಳಿಯದು. "ಒಂದ್ ತೊಟ್ಟು ಕಂದ, ಇದೊಂದ್ ತೊಟ್ಟು" ಎಂದು ಸಿರಿಂಜು ಹಿಡಿದು ರಮಿಸುತ್ತಿದ್ದ. ಒಂದು ದಿನ ಗುಂಜಿ ಅವನ ಹೆಬ್ಬೆರಳನ್ನು ನೆಕ್ಕಿತು. ಆ ಬೆರಳನ್ನು ಅವನು ಆ ಹೊತ್ತಿಗೆ ತೊಳೆಯಲಿಲ್ಲ.

ಆದರೆ ತಾನಾಗಿ ಒಂದು ಅಗುಳನ್ನೂ ಅದು ಮುಟ್ಟಿರಲಿಲ್ಲ. "ಸಿರಿಂಜು ಎಷ್ಟು ದಿನ ಅಂತ ಯಜಮಾನ್ರೆ? ಅದಾಗೇ ಬಾಯಿ ಹಾಕ್ಬೇಕು. ಇನ್ನೊಂದು ದಿನದಲ್ಲಿ ಹಾಕದೇ ಇದ್ರೆ ನನ್ನ ಕೈಲೂ ಏನೂ ಇಲ್ಲ" ಎಂದಿದ್ದರು ಡಾಕ್ಟರು. ಮಾರನೆಯ ಬೆಳಿಗ್ಗೆ ತೂಕ ಇಳಿದಿತ್ತು. ಆಚಾರಿ ಗುಂಜಿಯನ್ನು ಇಳಿಸಿ ತಕ್ಕಡಿ ಒರೆಸಿ ಮತ್ತೆ ಇಟ್ಟ. ಅಷ್ಟೇ ಬಂತು. ತನ್ನ ತಕ್ಕಡಿ ಸುಳ್ಳು ಹೇಳಲಿ ಎಂದು ಜೀವಮಾನದಲ್ಲಿ ಮೊದಲ ಸಲ ಬೇಡಿಕೊಂಡ. ಅದು ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ದಬದಬ ಸದ್ದಾಯಿತು. ತೆರೆದರೆ ಕಿಕ್ಕೇರಿ ಕಡೆಯ ಕರಿಯಪ್ಪ, ಅವನ ಹೆಂಡತಿ ಬೈರಮ್ಮ, ಬೈರಮ್ಮನ ಕೈಯಲ್ಲಿ ಹೂವು ಮುಚ್ಚಿದ ತಟ್ಟೆ. ಮಗನ ಮದುವೆ ಗೊತ್ತಾಗಿ, ಸೊಸೆಯ ತಾಳಿಗೆ ಚಿನ್ನ ಕೊಡಲು ಈ ದಿನವನ್ನು ಆಚಾರಿಯೇ ಪಂಚಾಂಗ ನೋಡಿ ಹೇಳಿದ್ದ, ಆಚಾರಿಯೇ ಮರೆತಿದ್ದ. ಅವರ ಹಿಂದೆ ತಮ್ಮ ರಘುನಂದನ ಬೈಕಿನಿಂದ ಇಳಿಯುತ್ತಿದ್ದ. ಅವನ ಹಿಂದೆ ಯಶೋಧರಾ, ಅವಳ ಹಿಂದೆ ಇಡೀ ಬೀದಿ. ಮಧ್ಯಾಹ್ನದ ಊಟಕ್ಕೆ ಮನೆಗೆ ಹೊರಟಿದ್ದ ತಿಮ್ಮರಾಜು ಸೈರನ್ನಿಲ್ಲದೆಯೂ ದಾರಿ ಬಿಡಿಸಿಕೊಂಡು ಮುಂದೆ ಬಂದ. ಒಂದು ಕೈಯಲ್ಲಿ ಲಾಠಿ, ಇನ್ನೊಂದರಲ್ಲಿ ಹೊಳೆ ದಡದಿಂದ ಕಟ್ಟಿಸಿಕೊಂಡ ಮೀನಿನ ಫ್ರೈ ಪಾರ್ಸಲ್ಲು.

"ಅಣ್ಣ, ನಾನೇನ್ ಜಾಸ್ತಿ ಕೇಳಾಕಿಲ್ಲ" ಎಂದ ರಘುನಂದನ. "ನ್ಯಾಯವಾಗಿ ಅರ್ಧ."

"ಯಾವುದ್ರಾಗ್ಲಾ ಅರ್ಧ?"

"ಮನೆ ಅಪ್ಪಂದು. ಮನೆ ತಳದಾಗಿರೋದೂ ಅಪ್ಪಂದೇ."

"ಯಾರ್ದೂ ಅಲ್ಲ, ಸರ್ಕಾರದ್ದು" ಎಂದ ತಿಮ್ಮರಾಜು. "ಆಚಾರ್ರೆ, ಸಿಕ್ಕಿರೋದ್ನ ಮರ್ಯಾದೆಯಾಗಿ ತೋರ್ಸಿ. ಒಳಗೆ ಏನೈತೆ?"

ಆಚಾರಿ ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತ. ಅವನಿಗೆ ಅರ್ಥವಾದದ್ದು ಒಂದೇ, ಜನ ಸೇರಬಾರದು ಎಂದಿದ್ದರು, ಜನ ಸೇರಿದೆ. "ನಿಮ್ ಕಾಲಿಗ್ ಬೀಳ್ತೀನಿ, ಸದ್ದು ಮಾಡ್ಬೇಡಿ. ಎದ್ರುಕಂಡ್ ಸತ್ತೋಯ್ತದೆ."

"ಚಿನ್ನ ಸತ್ತೋಯ್ತದಾ?" ಎಂದ ಕರಿಯಪ್ಪ.

"ನಿಧಿಗೆ ಜೀವ ಇರ್ತದೆ ಕಣ್ರಪ್ಪ" ಎಂದಳು ಯಶೋಧರಾ, ಎಲ್ಲರಿಗೂ ಕೇಳುವಂಥ ಪಿಸುದನಿಯಲ್ಲಿ. "ಸದ್ದಾದ್ರೆ ಇದ್ಲಾಗೋಯ್ತದೆ."

ತಿಮ್ಮರಾಜು ಆಚಾರಿಯ ತೋಳಿನ ಕೆಳಗಿಂದ ಇಣುಕಿದ. ಅಗ್ಗಿಷ್ಟಿಕೆಯ ಪಕ್ಕದಲ್ಲಿ ಒಂದು ಕುಕ್ಕೆ ತುಂಬ ಇದ್ದಿಲಿತ್ತು. "ಆಗ್ಲೇ ಒಂದ್ ಕುಕ್ಕೆ ಓಗ್ಬುಟ್ಟದೆ" ಎಂದು ಅವನು ವರದಿ ಒಪ್ಪಿಸಿದ. ರಘುನಂದನ "ಅಯ್ಯೋ ನನ್ ಪಾಲು" ಎಂದು ತಲೆ ಮೇಲೆ ಕೈ ಹೊತ್ತು ಜಗಲಿಯ ಮೇಲೆ ಕುಸಿದ.

ಅಷ್ಟರಲ್ಲಿ ಬಸ್‌ಸ್ಟ್ಯಾಂಡ್ ಕಡೆಯಿಂದ ಒಂದು ಆಟೋ ಬಂದು ನಿಂತಿತು. ಲಲಿತಮ್ಮ ಇಳಿದಳು. ಬಾಣಂತಿ ಮನೆಯ ಬೆಳ್ಳುಳ್ಳಿ ವಾಸನೆ ಸೆರಗಿನಲ್ಲಿ ಇನ್ನೂ ಇತ್ತು. ಜನ ತಾವಾಗೇ ಎರಡು ಪಾಲಾಗಿ ದಾರಿ ಬಿಟ್ಟರು. ಅವಳು ಗಂಡನ ಮುಂದೆ ಬಂದು ನಿಂತಳು. ಕೂಗಲಿಲ್ಲ. ಕೂಗಿದ್ದರೆ ಆಚಾರಿಗೆ ಎಷ್ಟೋ ವಾಸಿಯಿತ್ತು.

"ನನ್ ಗುಂಜಿನ ಚಿನ್ನುಕ್ಕೆ ಬಲಿ ಕೊಟ್ರಂತೆ. ಔದಾ?"

ಆಚಾರಿ ಅವಳ ಮುಖ ನೋಡಿದ. ಬೈರಮ್ಮನ ಕೈಯ ತಟ್ಟೆ ನೋಡಿದ. ಇವರನ್ನು ಒಳಗೆ ಬಿಟ್ಟರೆ ಆ ತಟ್ಟೆ ಮಾತ್ರವಲ್ಲ, ಕಿಕ್ಕೇರಿ, ಹೊಣಕೆರೆಯ ಎಲ್ಲ ತಟ್ಟೆಗಳೂ ಇನ್ನು ಗಾಜಿನ ಬಾಗಿಲಿನ ಅಂಗಡಿಗಳಿಗೇ ಹೋಗುತ್ತವೆ. ಅಪ್ಪ ಕಲಿಸಿದ ಕೆಲಸದಲ್ಲಿ ತಾಳಿಯೊಂದೇ ಅವನಿಗೆ ಉಳಿದಿದ್ದ ಹೆಮ್ಮೆ. ಅವನು ತೋಳು ಕೆಳಗಿಳಿಸಿದ.

"ಎಲ್ರೂ ಬನ್ನಿ" ಎಂದ. "ಚಪ್ಲಿ ಬುಟ್ಟು ಬನ್ನಿ. ಯಾರೂ ಮಾತಾಡ್ಬೇಡಿ."

ಗರ್ಭಗುಡಿಗೆ ಹೋಗುವ ಹಾಗೆ ಜನ ತುದಿಗಾಲಲ್ಲಿ ಒಳಗೆ ಬಂದರು. ತಿಮ್ಮರಾಜು ಬೂಟು ಬಿಚ್ಚಿದ, ಕಾಲುಚೀಲದ ತೂತಿನಿಂದ ಸರ್ಕಾರದ ಹೆಬ್ಬೆರಳು ಇಣುಕಿತು. ತಕ್ಕಡಿಯ ಮೇಲೆ ಕೆಂಪು ರೇಷ್ಮೆಯ ಗಂಟಿತ್ತು. ತಿಮ್ಮರಾಜು ಲಾಠಿಯ ತುದಿಯಿಂದ ಬಟ್ಟೆ ಸರಿಸಿದ. ಮೂಳೆ ಚಕ್ಕಳವಾದ ಒಂದು ಕೆಂಪು ಬೆಕ್ಕು ಒಂದು ಕಣ್ಣು ತೆರೆದು, ಕಾನೂನನ್ನು ನೋಡಿ, ಮತ್ತೆ ಮುಚ್ಚಿತು.

"ಇದೇನ್ರೀ?" ಎಂದ ತಿಮ್ಮರಾಜು.

"ಇದೇ" ಎಂದ ಆಚಾರಿ.

ಲಲಿತಮ್ಮ ಓಡಿ ಹೋಗಿ ಮಂಡಿಯೂರಿದಳು. "ಏನಾಗೋಯ್ತು ನನ್ ಕಂದಂಗೆ?"

"ನೀ ಓದ್ಮೇಲೆ ಉಣ್ಣೋದೇ ಬುಟ್ಬುಡ್ತು ಕಣೆ" ಎಂದ ಆಚಾರಿ. "ಕಾಮಾಲೆ. ಡಾಕ್ಟ್ರಮ್ಮ ಆಗಾಕಿಲ್ಲ ಅಂದ್ರು. ನಾನೇ ಸೂಜಿ ಚುಚ್ತಾ ಇದ್ದೆ, ನಾನೇ ಮೀನ್ ರುಬ್ಬಿ ಉಯ್ತಾ ಇದ್ದೆ. ಇದು ಸತ್ರೆ ನಾನೇ ಸಾಯ್ಸ್‌ದೆ ಅಂತೀಯಾ ಅಂತ ಎದ್ರಿಕೆ ಆಗಿತ್ತು. ಮೊದ್ಲು ಅಷ್ಟೇಯ. ಆಮೇಕೆ ನಿನ್ ಎದ್ರಿಕೆ ಓಯ್ತು, ಇದ್ರುದೇ ಒಂದು ಉಳ್ಕತ್ತು. ಇವತ್ತು ತೂಕ ಇಳುದ್ಬುಟ್ಟದೆ."

ಲಲಿತಮ್ಮ ಗಂಡನ ಬನೀನನ್ನು ನೋಡಿದಳು. ಎದೆಯಿಂದ ಹೊಟ್ಟೆಯವರೆಗೆ ಮೀನಿನ ಕಲೆ. ಮದುವೆಯಾಗಿ ಇಷ್ಟು ವರ್ಷವಾದರೂ ಈ ಗಂಡಸನ್ನು ತಾನು ಸರಿಯಾಗಿ ನೋಡಿರಲಿಲ್ಲವೆನಿಸಿ ಅವಳಿಗೆ ಅಳು ಬಂತು.

ಆಗಲೇ ಗುಂಜಿಯ ಮೂಗು ಅಲ್ಲಾಡಿತು. ತಲೆ ಎದ್ದಿತು. ಅದು ತಕ್ಕಡಿಯಿಂದ ಒಂದು ಕಾಲು ಕೆಳಗಿಟ್ಟು, ಓಲಾಡಿ, ಇನ್ನೊಂದು ಕಾಲು ಇಟ್ಟು, ಮೇಜಿನ ಅಂಚಿಗೆ ಬಂತು. ಅಲ್ಲಿ ತಿಮ್ಮರಾಜು ನಿಂತಿದ್ದ, ತಿಮ್ಮರಾಜುವಿನ ಕೈಯಲ್ಲಿ ಪಾರ್ಸಲ್ಲಿತ್ತು.

"ಅಲ್ಲಾಡ್ಬೇಡಿ" ಎಂದ ಆಚಾರಿ. ಹೆಡ್ ಕಾನ್‌ಸ್ಟೇಬಲ್ಲು ಪರೇಡಿನಲ್ಲೂ ನಿಲ್ಲದಷ್ಟು ನೆಟ್ಟಗೆ ನಿಂತ. ಗುಂಜಿ ಪಾರ್ಸಲ್ಲಿಗೆ ಮೂಗು ಒತ್ತಿ, ಬಾಯಿ ಹಾಕಿ, ಕಾಗದ ಹರಿಯಿತು.

"ಖಾರ ಐತೇನ್ರೀ?" ಎಂದು ಆಚಾರಿ ಕೇಳಿದ.

"ಐತೆ. ನಂಗೆ ಖಾರ ಬೇಕು" ಎಂದ ತಿಮ್ಮರಾಜು, ತುಟಿ ಅಲ್ಲಾಡಿಸದೆ.

ಮುಂದಿನದು ಆ ಮನೆತನದ ಚರಿತ್ರೆಯಲ್ಲಿ ಎಂದೂ ನಡೆಯದ್ದು. ತಾಳಿಯ ಗುಂಡು ಪೋಣಿಸುವ ಚಿಮಟವನ್ನು ಆಚಾರಿ ಕೈಗೆತ್ತಿಕೊಂಡ, ಮೀನಿನ ಮಸಾಲೆ ಕೆರೆದ, ಮುಳ್ಳು ಒಂದೊಂದಾಗಿ ಬಿಡಿಸಿದ. ಬೈರಮ್ಮ ಕೇಳದೆಯೇ ತಟ್ಟೆಯಿಂದ ಒಂದು ವೀಳ್ಯದೆಲೆ ತೆಗೆದು ಮುಂದಿಟ್ಟಳು. ಎಲೆಯ ಮೇಲೆ ಬೆಳ್ಳನೆಯ ಚೂರು ಬಿತ್ತು. ಗುಂಜಿ ಅದನ್ನು ನೆಕ್ಕಿತು, ತಿಂದಿತು. ಇನ್ನೊಂದು ಚೂರು, ಅದನ್ನೂ ತಿಂದಿತು.

"ತಿಂತಾ ಅದೆ ಕಣೆ" ಎಂದ ಆಚಾರಿ. "ಅದಾಗೇ ತಿಂತಾ ಅದೆ." ನಿಧಿ ನೋಡಲು ಬಂದಿದ್ದ ಬೀದಿ ಒಬ್ಬರ ಭುಜದ ಮೇಲೊಬ್ಬರು ಬಿದ್ದು ಬೆಕ್ಕು ಊಟ ಮಾಡುವುದನ್ನು ನೋಡಿತು. ಬೆಕ್ಕನ್ನು ಬಲಿ ಕೊಟ್ಟರೆಂದು ಊರಿಗೆಲ್ಲ ಸಾರಿದ್ದ ಯಶೋಧರಾ, "ನಾನು ಆವತ್ತೇ ಅಂದೆ, ಗುಂಜಿ ಗಟ್ಟಿ ಜೀವ ಅಂತ" ಎಂದು ಕಣ್ಣೊರೆಸಿಕೊಂಡಳು.

ಕರಿಯಪ್ಪ ಮಾತ್ರ ಗಂಭೀರವಾಗಿದ್ದ. ಅವನು ಮೆಲ್ಲಗೆ ಹೆಂಡತಿಯ ಕೈಯ ತಟ್ಟೆಗೆ ಕೈಹಾಕಿದ. "ನಡಿ ಬೈರಿ. ಆಚಾರ್ರೆ, ತೆಪ್ಪು ತಿಳ್ಕಬೇಡಿ. ಬೆಕ್ಕು ಅಡ್ಡ ಬಂದ್ರೇ ನಾವು ಇಂದಕ್ಕೆ ಓಗೋರು. ಇಲ್ನೋಡಿದ್ರೆ ತಕ್ಕಡೀಲೇ ಮನಗ್ಯದೆ."

ಆಚಾರಿ ತಲೆ ತಗ್ಗಿಸಿದ. ಇದು ಬರುತ್ತದೆಂದು ಅವನಿಗೆ ಗೊತ್ತಿತ್ತು. "ನಿಮ್ ತೆಪ್ಪಿಲ್ಲ ಯಜಮಾನ್ರೆ" ಎಂದ.

ಬೈರಮ್ಮ ತಟ್ಟೆ ಬಿಡಲಿಲ್ಲ. "ಸುಮ್ಕಿರಿ ನೀವು" ಎಂದಳು ಗಂಡನಿಗೆ. "ಅವರ್ ಯಾರ್ಗೂ ಏಳ್ದೆ, ಕುಲದೋರು ಮುಟ್ಟದ್ನೆಲ್ಲ ಮುಟ್ಟಿ, ಯಮನ್ ಬಾಯ್ಗ್ ಬಿದ್ದಿದ್ ಜೀವನ ಎಳ್ಕಂಡವ್ರೆ. ನನ್ ಸೊಸೆ ತಾಳಿ ಮಾಡೋ ಕೈ ಇನ್ನೆಂಗಿರ್ಬೇಕು? ಆಚಾರ್ರೆ, ಇದ್ರಲ್ಲೇ ತೂಗಿ. ಬೇರೆ ತಕ್ಕಡಿ ತಂದ್ರೆ ನಾನು ಕೊಡಾಕಿಲ್ಲ." ಕರಿಯಪ್ಪ ತಟ್ಟೆಯಿಂದ ಕೈ ತೆಗೆದ.

ಆಚಾರಿ ತಟ್ಟೆಗೆ ಕೈಮುಗಿದ. ಆದರೆ ತಕ್ಷಣ ತೆಗೆದುಕೊಳ್ಳಲಿಲ್ಲ. "ಒಸಿ ತಡೀರಿ ತಾಯಿ, ಇದ್ರುದು ಮೊದ್ಲು" ಎಂದು ಗುಂಜಿಯನ್ನು ಎತ್ತಿ ತಕ್ಕಡಿಯ ಮೇಲೆ ಕೂರಿಸಿದ. ಅಂಕಿ ಓಡಿತು, ಏರಿತು, ಇಳಿಯಿತು, ನಿಂತಿತು. ನಿನ್ನೆಗಿಂತ ಜಾಸ್ತಿ. ಕೋಟೆಯ ಗೋಡೆಗೆ ಕೇಳುವ ಹಾಗೆ ಬೀದಿ ಹೋ ಎಂದಿತು. ಆಚಾರಿ ಸದ್ದು ಮಾಡಬೇಡಿ ಎನ್ನುವುದನ್ನು ಮರೆತು ತಾನೂ ಕೂಗಿದ.

"ಜಾಸ್ತಿ ಬಂದಿರೋದೆಲ್ಲ ನನ್ ಮೀನು" ಎಂದ ತಿಮ್ಮರಾಜು, ಖಾಲಿ ಕಾಗದ ಮಡಿಸುತ್ತ.

"ಅಣ್ಣ, ಅಂಗಾದ್ರೆ ನನ್ ಅರ್ಧ?" ಎಂದ ರಘುನಂದನ ಬಾಗಿಲ ಬಳಿಯಿಂದ. ಆಚಾರಿ ಸಿರಿಂಜನ್ನೂ ಗಂಜಿಯ ಲೋಟವನ್ನೂ ಅವನ ಕೈಯಲ್ಲಿಟ್ಟು, "ಬಾಯಿ ಕಡೇದು ನಿಂದು, ಬಾಲದ ಕಡೇದೂ ನಿಂದೇ. ತಕೋ" ಎಂದ. ಪಾಪ, ಪಾಂಡವಪುರದಿಂದ ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ.

ತಾಳಿಯ ಚಿನ್ನ ತೂಗಿ, ಕರಿಯಪ್ಪ ದಂಪತಿಗಳನ್ನು ಕಳಿಸಿ, ಬೀದಿಯೂ ಮನೆಗೆ ಹೋದ ಮೇಲೆ ಲಲಿತಮ್ಮ ಗುಂಜಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮಗಳ ಬಾಣಂತನ ಇನ್ನೂ ಮುಗಿದಿರಲಿಲ್ಲ.

"ಸಂಜೆ ಬಸ್ಸಿಗೆ ಓಯ್ತೀನಿ ಕಣ್ರೀ. ಗುಂಜಿನೂ ನನ್ ಜೊತೇಲೇ ಕರ್ಕೊಂಡೋಯ್ತೀನಿ. ನಿಮ್ಗೂ ಶನಿ ಕಾಟ ತಪ್ತದೆ."

ಆಚಾರಿ ಮಧ್ಯಾಹ್ನ ಊರಿಗೆಲ್ಲ ಅಡ್ಡ ನಿಂತ ಹಾಗೆಯೇ ಮತ್ತೆ ಬಾಗಿಲಿಗೆ ತೋಳು ಚಾಚಿ ನಿಂತ. "ಅದೆಲ್ಗೂ ಬರಾಕಿಲ್ಲ. ಬಸ್ಸಿನ್ ಕುಲುಕಾಟ ಬ್ಯಾಡ ಅದ್ಕೆ. ಅಲ್ದೆ ತೂಕ ಯಾರ್ ನೋಡೋರು? ನಿನ್ ಅಳಿಯನ್ ಮನೇಲಿ ಸರಿಯಾದ ತಕ್ಕಡಿ ಅದಾ?"

ಲಲಿತಮ್ಮ ನಗು ತಡೆದುಕೊಂಡು, ಗುಂಜಿಯನ್ನು ಅವನ ತೋಳಿಗೆ ಕೊಟ್ಟಳು. ಸಂಜೆ ಆಟೋ ಹತ್ತುವಾಗ ಜಗಲಿಯ ಕಡೆಯಿಂದ ಗಂಡನ ದನಿ ಕೇಳಿತು. "ಉಸಾರು ಕಣೆ, ತಣ್ಣನ್ ಗಾಳಿ ಬೀಸ್ತಾ ಅದೆ. ಮೈ ತುಂಬ ಒದ್ಕೋ." ಇಷ್ಟು ವರ್ಷದಲ್ಲಿ ಒಮ್ಮೆಯೂ ಹೀಗೆ ಅಂದವನಲ್ಲ ಎಂದು ಅವಳ ಮುಖ ಕೆಂಪಾಯಿತು. "ಊ, ಒದ್ಕತೀನಿ ಬುಡಿ" ಎನ್ನುತ್ತ ಸೆರಗು ಎಳೆದುಕೊಂಡು ತಿರುಗಿ ನೋಡಿದಳು. ಆಚಾರಿ ಅವಳ ಕಡೆ ಬೆನ್ನು ಮಾಡಿ ನಿಂತು, ಕೆಂಪು ರೇಷ್ಮೆಯನ್ನು ಗುಂಜಿಯ ಕಿವಿಯವರೆಗೂ ಎಳೆದು ಹೊದಿಸುತ್ತಿದ್ದ.